ಬಂದವರಿಗೆ ಬೆಲ್ಲ, ನೀರು

ಆಗಸ್ಟ್ 6, 2024, ಮಂಗಳವಾರ

ನಮ್ಮ ಮೇಲ್ಮನವಿ ಕೊನೆಗೂ ವಿಚಾರಣೆಗೆ ಬರುತ್ತಿದೆ. ಬ್ಯಾಂಕಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ ವಕೀಲ ನಾಗರಾಜ್ ಅವರ ಫೋನ್. "ಮೇಡಂ, ಮುಂದಿನ ತಿಂಗಳು ಹೈಕೋರ್ಟಲ್ಲಿ ನಮ್ಮದು ಹಿಡೀತಾರೆ. ಒಂದ್ ಭಾನುವಾರ ಬನ್ನಿ, ಇನ್ನೊಂದ್ ಸಲ ಎಲ್ಲಾ ನೋಡ್ಬಿಡೋಣ" ಎಂದರು. ಅವರು ಕೇಳಿದಾಗ ತಡವರಿಸಬಾರದು. ಗೊತ್ತಿರುವುದನ್ನು ಕ್ರಮವಾಗಿ ಇಲ್ಲಿ ಬರೆದುಕೊಳ್ಳುತ್ತೇನೆ.

ನನ್ನ ತಮ್ಮ ಕುಶಲ ಅಂಬರನಾಥದಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದ. ಮನೆ ಕಲ್ಯಾಣದಲ್ಲಿ. ಬೆಳಗಿನ ಇಡ್ಲಿಗೆ ನಸುಕಿನಲ್ಲೇ ಒಲೆ ಹಚ್ಚಬೇಕಾದ್ದರಿಂದ ಹೆಚ್ಚಿನ ದಿನ ಹೋಟೆಲಿನ ಮೇಲಿನ ಕೋಣೆಯಲ್ಲೇ ಮಲಗುತ್ತಿದ್ದ. ಮನೆಗೆ ನಾಲ್ಕೈದು ದಿನಕ್ಕೊಮ್ಮೆ. 2018ರ ಜುಲೈಯಲ್ಲಿ, ಒಂದು ಮಧ್ಯಾಹ್ನ, ಅವನ ಹೆಂಡತಿಯನ್ನು ಮನೆಯೊಳಗೆ ಯಾರೋ ಕತ್ತು ಹಿಸುಕಿ ಕೊಂದರು. ಬಾಗಿಲು ಮುರಿದಿರಲಿಲ್ಲ. ಏನೂ ಕಳುವಾಗಿರಲಿಲ್ಲ. ನನ್ನ ತಮ್ಮ ಆ ಹೊತ್ತಿಗೆ ತರಕಾರಿ ಮಾರ್ಕೆಟಿನಲ್ಲಿದ್ದ, ಸಂಜೆ ಮನೆಗೆ ಹೋದಾಗ ನೋಡಿದ. ಮಾರ್ಕೆಟಿನಲ್ಲಿ ಅವನನ್ನು ಕಂಡೆ ಎನ್ನುವವರು ಸಿಗಲಿಲ್ಲ. ಮನೆಯಲ್ಲಿ ಕಂಡೆ ಎನ್ನುವವರೂ ಸಿಗಲಿಲ್ಲ. ಗಂಡ ಹೆಂಡಿರ ಜಗಳ ಕೇಳಿಸುತ್ತಿತ್ತು ಎಂದು ಪಕ್ಕದ ಮನೆಯವರು ಸಾಕ್ಷಿ ಹೇಳಿದರು. ಕೆಳಗಿನ ಕೋರ್ಟು ಜೀವಾವಧಿ ಕೊಟ್ಟಿತು.

ಅವನು ತಳೋಜಾ ಜೈಲಿನಲ್ಲಿದ್ದಾನೆ. ಅವನ ಮಗಳು ನಿಶ್ಮಿತಾ ಡೊಂಬಿವಲಿಯಲ್ಲಿ ನನ್ನ ಜೊತೆ ಇದ್ದಾಳೆ. ಈ ವರ್ಷ ಹತ್ತನೆಯ ತರಗತಿ.

ನನ್ನ ತಮ್ಮ ಕೊಲೆ ಮಾಡಿಲ್ಲ. ಇದನ್ನು ಬರೆಯುವ ಅಗತ್ಯವಿರಲಿಲ್ಲ, ಆದರೂ ಬರೆದೆ.

ಆಗಸ್ಟ್ 18, ಭಾನುವಾರ

ವರ್ತಕ ನಗರದಲ್ಲಿ ನಾಗರಾಜ್ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಮೈಸೂರಿನವರು. "ಠಾಣೆಯಲ್ಲಿ ಎಲ್ಲಾ ಸಿಗುತ್ತೆ ಮೇಡಂ, ಕಾಫಿ ಒಂದ್ ಬಿಟ್ಟು" ಎಂದು ಪ್ರತಿ ಸಲವೂ ಹೇಳಿ, ತಾವೇ ಸೋಸಿದ ಕಾಫಿ ತಂದಿಡುತ್ತಾರೆ.

ಇಷ್ಟು ವರ್ಷ ನಾವು ನೋಡುತ್ತಿದ್ದುದು ಜೆರಾಕ್ಸ್ ಪ್ರತಿಗಳನ್ನು. ಪೊಲೀಸರು ಆ ಸಂಜೆ ತೆಗೆದ ಫೋಟೋಗಳ ಬಣ್ಣದ ಪ್ರತಿಗಳು ಈಗ ಅವರ ಕೈಗೆ ಬಂದಿವೆ. ಕೆಲವನ್ನು "ಇವು ನಿಮಗೆ ಬೇಡ" ಎಂದು ಮಗುಚಿ ಇಟ್ಟರು. ಉಳಿದವನ್ನು ಒಂದೊಂದಾಗಿ ನೋಡಿದೆ. ಹೊರಕೋಣೆಯ ಫೋಟೋ ಒಂದರಲ್ಲಿ ಸೋಫಾದ ಮುಂದೆ ಟೀಪಾಯಿ. ಜೆರಾಕ್ಸಿನಲ್ಲಿ ಅದರ ಮೇಲೊಂದು ಕಪ್ಪು ಮಸಿ ಇತ್ತು, ಅಷ್ಟೆ. ಬಣ್ಣದಲ್ಲಿ ಅದು ತುಂಬಿದ ಸ್ಟೀಲ್ ಲೋಟ, ಪಕ್ಕದಲ್ಲಿ ಸಣ್ಣ ತಟ್ಟೆ, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ.

"ಯಾರೋ ಬಂದಿದ್ದರು" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ನಾಗರಾಜ್ ಕಾಫಿ ಕೆಳಗಿಟ್ಟರು. ಅವರಿಗೆ ವಿವರಿಸಿದೆ. ನಮ್ಮ ಉಡುಪಿ ಕಡೆ ಯಾರೇ ಮನೆಗೆ ಬರಲಿ, ಹೆಸರು ಕೇಳುವ ಮೊದಲು ನೀರು ಮತ್ತು ಬೆಲ್ಲ ತಂದಿಡುತ್ತೇವೆ. ಮುಂಬೈಗೆ ಬಂದು ಎಷ್ಟೋ ಬಿಟ್ಟೆವು, ಇದನ್ನು ಬಿಟ್ಟಿಲ್ಲ. ಪೊಲೀಸರಿಗೆ ಅದು ಯಾರೋ ಕುಡಿಯದೆ ಬಿಟ್ಟ ನೀರು. ನನಗೆ ಅದು ಒಬ್ಬ ಅತಿಥಿ.

"ನಮ್ಮಲ್ಲೂ ಅಜ್ಜಿ ಕಾಲದಲ್ಲಿತ್ತು. ಈಗ 'ಕಾಫಿ ಆಯ್ತಾ ನಿಮ್ಮದು?' ಅಂತ ಬಾಗಿಲಲ್ಲೇ ಕೇಳಿ ಕಳಿಸ್ಬಿಡ್ತೀವಿ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಪಕ್ಕದ ಮನೆಯ ಗೋಖಲೆ ಕಾಕು ಹೇಳಿದ ಸಾಕ್ಷಿಯನ್ನು ಹುಡುಕಿದರು. ಅದರಲ್ಲೂ ಇದೆ! ಜಗಳದ ಮಾತಿನ ನಡುವೆ ಆಕೆ ಹೇಳಿದ್ದಾರೆ: ಒಳ್ಳೆಯ ಹೆಂಗಸು, ನಾವು ಯಾವಾಗ ಹೋದರೂ ಮೊದಲು ಬೆಲ್ಲ, ನೀರು ಕೊಡುತ್ತಿದ್ದಳು.

"ಎಲ್ಲಾ ದಾಖಲೆಯಲ್ಲೇ ಇದೆ, ಮೇಡಂ. ಹೊಸದಾಗಿ ಏನೂ ತರ್ಬೇಕಾಗಿಲ್ಲ. ಆಕೆಯೇ ಬಾಗಿಲು ತೆಗೆದು ಕೂರಿಸಿದ ಒಬ್ಬ ವ್ಯಕ್ತಿ. ಪೊಲೀಸರು ಅವನನ್ನ ಹುಡುಕಲೇ ಇಲ್ಲ." ಪೆನ್ನು ಹಿಡಿದು ಸ್ವಲ್ಪ ಯೋಚಿಸಿದರು. "ಮನೆಯವರಿಗೆ ಯಾರಾದ್ರೂ ಹೀಗೆ ಕೊಡ್ತಾರಾ?"

"ಇಲ್ಲ."

"ಯಾವಾಗ್ಲಾದ್ರೂ?"

"ಎಂದೂ ಇಲ್ಲ. ಮನೆಯವರು ಕೈಕಾಲು ತೊಳೆದು ತಾವೇ ನೀರು ತೆಗೆದುಕೊಳ್ಳುತ್ತಾರೆ."

ಬರೆದುಕೊಂಡರು.

ಆಗಸ್ಟ್ 24, ಶನಿವಾರ

ತಳೋಜಾ. ಗಾಜಿನ ಆಚೆ ಕುಶಲ, ಈಚೆ ನಾನು, ಮಾತಾಡಲು ಇಬ್ಬರಿಗೂ ಒಂದೊಂದು ಫೋನು. ಫೋಟೋದ ವಿಷಯ ಹೇಳಿದೆ. ಲೈನು ಕಡಿದಿದೆಯೆಂದು ನಾನು ಫೋನನ್ನು ತಟ್ಟಿದೆ.

"ಬೆಲ್ಲವಾ?" ಎಂದ.

"ಹೌದು. ಟೀಪಾಯಿ ಮೇಲೆ."

"ವಕೀಲರು ಎಂತ ಹೇಳಿದ್ರು?"

"ಇದೇ ಮುಖ್ಯ ಅಂದರು."

"ನೀನು ಬುದ್ಧಿವಂತೆ, ಅಕ್ಕ" ಎಂದ. ಕಣ್ಣು ಒದ್ದೆಯಾಗಿತ್ತು. ಪಾಪ, ಅಷ್ಟು ವರ್ಷದ ಮೇಲೆ ಮೊದಲ ಒಳ್ಳೆಯ ಸುದ್ದಿ.

ಬರುವಾಗ ಡೊಂಬಿವಲಿ ಸ್ಟೇಷನ್ ಹೊರಗೆ ಒಂದು ಜೊತೆ ಚಾದರ ಕೊಂಡೆ. ಸಣ್ಣ ಕೋಣೆಯನ್ನು ತಮ್ಮನಿಗೆ ಖಾಲಿ ಮಾಡಬೇಕು. "ಫಿರ್ ಮೇರಾ ಟೇಬಲ್ ಕಿಧರ್ ಜಾಯೇಗಾ, ಮಾಮಿ? ಗ್ಯಾಲರಿ ಮೇ?" ಎಂದು ನಿಶ್ಮಿತಾ ಮುಖ ಉಬ್ಬಿಸಿದಳು, ತನ್ನ ಟೇಬಲ್ ಬಾಲ್ಕನಿಗೆ ಹೋಗಬೇಕೇ ಎಂದು. ಸೋದರತ್ತೆ ನಾನು, ತುಳುವಿನಲ್ಲಿ ಅವಳಿಗೆ ಮಾಮಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ತುಳುವಿನಲ್ಲಿ ಬೈಯುತ್ತೇನೆ. ಅವಳ ಉತ್ತರ ಮಾತ್ರ ಹಿಂದಿಯಲ್ಲಿ. ಅಪ್ಪ ಬರುತ್ತಾನೆ ಎಂದರೆ ಏನೂ ಹೇಳುವುದಿಲ್ಲ. ಟೇಬಲ್ಲಿನ ವಿಷಯ ಮಾತ್ರ ಹೇಳುತ್ತಾಳೆ.

ಸೆಪ್ಟೆಂಬರ್ 26, ಗುರುವಾರ

ಇವತ್ತು ವಾದ ಮುಗಿಯಿತು. ತೀರ್ಪು ಕಾದಿರಿಸಿದ್ದಾರೆ.

ನಾಗರಾಜ್ ಚೆನ್ನಾಗಿ ವಾದಿಸಿದರು. ಫೋಟೋವನ್ನು ಇಬ್ಬರು ನ್ಯಾಯಮೂರ್ತಿಗಳೂ ಕೈಗೆ ತೆಗೆದುಕೊಂಡು ನೋಡಿದರು. ಒಬ್ಬರು ಅದನ್ನು ಬೆಳಕಿಗೆ ಹಿಡಿದು ಮತ್ತೊಬ್ಬರಿಗೆ ಏನೋ ಹೇಳಿದರು. ಆ ಕ್ಷಣದಲ್ಲಿ ನನಗೆ ಗೊತ್ತಾಯಿತು, ಕುಶಲ ಹೊರಗೆ ಬರುತ್ತಾನೆ.

ಹಿಂದಿನ ಬೆಂಚಿನಲ್ಲಿ ಉಮಾವತಿಯಮ್ಮ ಕೂತಿದ್ದರು, ಅವನ ಹೆಂಡತಿಯ ತಾಯಿ. ಖಾರಘರದಲ್ಲಿ ಮಗ ರಿತೇಶನ ಮನೆಯಲ್ಲಿದ್ದಾರೆ. ಒಂದು ತಾರೀಕನ್ನೂ ತಪ್ಪಿಸಿಲ್ಲ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಮಗುವನ್ನು ನಾನು ಕರೆದುಕೊಂಡು ಬಂದ ದಿನದಿಂದ ನಮ್ಮಿಬ್ಬರಿಗೂ ಮಾತಿಲ್ಲ. ಆಗ ಅವರೆಲ್ಲ ಒಂದೇ ಕೋಣೆಯಲ್ಲಿದ್ದರು, ಮಗು ನನ್ನಲ್ಲಿಗೆ ಬಂತು. ಆಮೇಲೆ ಅವಳನ್ನು ಅಲ್ಲಿಗೆ ಕಳಿಸಬೇಕೆಂದು ನನಗೆ ಅನಿಸಲಿಲ್ಲ. ನಮ್ಮವನನ್ನು ಕೊಲೆಗಾರ ಎನ್ನುವ ಮನೆ ಅದು.

ಹೊರಗೆ ಮೆಟ್ಟಿಲ ಬಳಿ ಅವರೇ ನನ್ನನ್ನು ನಿಲ್ಲಿಸಿದರು. ನಾವು ಮಾತಾಡುವುದು ತುಳುವಿನಲ್ಲಿ, ನನಗೆ ಬರೆಯಲು ಬರುವುದು ಕನ್ನಡ.

"ಮೋಹಿನಿ, ಅಷ್ಟು ಇಂಗ್ಲಿಷಿನ ನಡುವೆ ನಿಮ್ಮ ವಕೀಲರು 'ಬೆಲ್ಲ' ಅಂದ್ರು. ಎರಡು ಸಲ ಅಂದ್ರು. ನನ್ನ ಮಗಳ ಬಗ್ಗೆ ಎಂತ ಹೇಳಿದ್ರು?"

"ಒಳ್ಳೇದನ್ನೇ ಹೇಳಿದ್ರು. ಮನೆಗೆ ಬಂದವರನ್ನು ಚೆನ್ನಾಗಿ ನೋಡಿಕೊಳ್ತಿದ್ಳು ಅಂತ."

ಸೆರಗಿನಿಂದ ಮುಖ ಒರೆಸಿಕೊಂಡರು. "ಹೌದು. ಅದು ನಾನು ಕಲಿಸಿದ್ದು" ಎಂದರು.

ನಾನು ಹೇಳಿದ್ದು ಸುಳ್ಳಲ್ಲ.

ನವೆಂಬರ್ 10, ಭಾನುವಾರ

ತೀರ್ಪಿಲ್ಲ. ಕೋಣೆಗೆ ಫ್ಯಾನ್ ಹಾಕಿಸಿದೆ. ಟೇಬಲ್ ಹೊರಕೋಣೆಗೆ ಬಂತು.

ಡಿಸೆಂಬರ್ 15, ಭಾನುವಾರ

ನಿಶ್ಮಿತಾ ಶಾಲೆಯ ಪ್ರವಾಸ ಮುಗಿಸಿ ಬಂದಳು. ಬೆನ್ನಿಗೆ ದೊಡ್ಡ ಚೀಲ, ಬೂಟಿನ ತುಂಬ ಕೆಂಪು ಮಣ್ಣು. ಬಾಗಿಲಲ್ಲೇ ನಿಂತು ಕೈಮುಗಿದು ನಾಟಕದ ದನಿಯಲ್ಲಿ, "ಮೆಹಮಾನ್ ಆಯೇ ಹೈಂ. ಗುಡ್ ಪಾನೀ ನಹೀ ದೋಗೇ?" ಎಂದಳು. ಅತಿಥಿ ಬಂದಿದ್ದಾರೆ, ಬೆಲ್ಲ ನೀರು ಕೊಡುವುದಿಲ್ಲವೇ ಎಂದು.

"ನೀನು ಯಾವ ಸೀಮೆಯ ಮೆಹಮಾನ್? ಮನೆಯವರಿಗೆ ಯಾರು ಕೊಡ್ತಾರೆ ಬೆಲ್ಲ?"

"ಮಮ್ಮಿ ದೇತೀ ಥೀ ನಾ. ಪಪ್ಪಾ ಕೋ." ಬೂಟಿನ ದಾರ ಬಿಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಪಪ್ಪ ನಾಲ್ಕೈದು ದಿನದ ಮೇಲೆ ಹೋಟೆಲಿನಿಂದ ಬಂದಾಗಲೆಲ್ಲ ಮಮ್ಮಿ ಅವನನ್ನು ಸೋಫಾದಲ್ಲಿ ಕೂರಿಸಿ, ಲೋಟ, ತಟ್ಟೆ ತಂದು ಇಡುತ್ತಿದ್ದಳಂತೆ. ಅಮ್ಮನ ಮಾತನ್ನು ಮಾತ್ರ ಕನ್ನಡದಲ್ಲೇ ಹೇಳಿ ತೋರಿಸಿದಳು: "'ಬನ್ನಿ, ಬನ್ನಿ. ದೂರದಿಂದ ಬಂದ್ರಿ. ಪ್ರಯಾಣ ಸುಖ ಆಯ್ತಾ?'"

"ಅವನು ಏನು ಮಾಡುತ್ತಿದ್ದ?"

"ಕಭೀ ಹಂಸ್ ದೇತೇ ಥೇ. ಕಭೀ ಗಿಲಾಸ್ ಫೇಂಕ್ ದೇತೇ ಥೇ." ಒಮ್ಮೆ ನಗುತ್ತಿದ್ದ, ಒಮ್ಮೆ ಲೋಟ ಎಸೆಯುತ್ತಿದ್ದ. "ಮಾಮಿ, ಗೀಝರ್ ಆನ್ ಕರೋ ನಾ, ಪ್ಲೀಸ್."

ಗೀಝರ್ ಹಾಕಿದೆ. ಅವಳ ಬಟ್ಟೆ ನೆನೆಸಿದೆ. ಬೂಟು ತೊಳೆದೆ.

ಡಿಸೆಂಬರ್ 16, ಸೋಮವಾರ

ಬ್ಯಾಂಕು. ತಲೆನೋವು.

ಡಿಸೆಂಬರ್ 17, ಮಂಗಳವಾರ

ಮಲ್ಲಿಕಾ ಕುಶಲನನ್ನು ಮದುವೆಯಾಗಿ ಬಂದ ವರ್ಷ ಅಷ್ಟಮಿಗೆ ನಮ್ಮೆಲ್ಲರನ್ನೂ ಕಲ್ಯಾಣದ ಮನೆಗೆ ಕರೆದಿದ್ದಳು. ಕುಶಲ ತಡವಾಗಿ ಬಂದ. ಅವಳು ಎಲ್ಲರೆದುರು, "ಹೋಟೆಲಿನವರು ಬಂದ್ರು, ಬಾಳೆಲೆ ಒರೆಸಿ ಇಡಿ, ಬಿಲ್ಲು ಕೊಟ್ಟಾರು" ಎಂದಳು. ನಾವು ನಕ್ಕೆವು. ಅವನೂ ನಕ್ಕ. ಆಮೇಲೆ ಅಡುಗೆಮನೆಯಲ್ಲಿ ಅವಳು ಬಲಗೈ ಮಣಿಕಟ್ಟನ್ನು ನಲ್ಲಿಯ ನೀರಿಗೆ ಹಿಡಿದು ನಿಂತಿದ್ದಳು. ಬಿಸಿ ಎಣ್ಣೆ ಸಿಡಿಯಿತೇ ಎಂದು ಕೇಳಿದೆ. ಹ್ಞೂಂ ಎಂದಳು.

ಅವಳ ಮಾತು ಚುರುಕಾಗಿತ್ತು. ನಿಶ್ಮಿತಾಗೂ ಅದೇ ಬಂದಿದೆ.

ಡಿಸೆಂಬರ್ 19, ಗುರುವಾರ

ಬ್ಯಾಂಕಿನಿಂದ ನೇರ ವರ್ತಕ ನಗರಕ್ಕೆ ಹೋದೆ. ನಿಶ್ಮಿತಾ ಹೇಳಿದ್ದನ್ನು ಹೇಳಿದೆ. ನಾಗರಾಜ್ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಮೇಡಂ, ನಾನು ಕುಶಲ್ ಅವರ ವಕೀಲ. ನಿಮ್ಮ ವಕೀಲ ಅಲ್ಲ, ಪೊಲೀಸರ ವಕೀಲನೂ ಅಲ್ಲ. ಇದನ್ನ ನಾನು ಅವರ ವಿರುದ್ಧ ಎಲ್ಲೂ ತಗೊಂಡು ಹೋಗೋ ಹಾಗಿಲ್ಲ."

"ನಾನು ನಿಮಗೆ 'ಎಂದೂ ಇಲ್ಲ' ಎಂದಿದ್ದೆ."

"ನಿಮ್ಮ ಮನೇಲಿ ಎಂದೂ ಇರ್ಲಿಲ್ಲ. ಸುಳ್ಳು ಹೇಳಿಲ್ಲ ನೀವು." ಕಾಫಿ ಬೇಕೇ ಎಂದು ಕೇಳಲು ಹೊರಟವರು ಮಾತನ್ನು ಅಲ್ಲಿಗೇ ನಿಲ್ಲಿಸಿದರು. "ಅಲ್ಲದೆ, ಯೋಚನೆ ಮಾಡಿ. ಹುಡುಗಿ ಹೇಳಿದ್ದು ಬೇರೆ ದಿನಗಳ ವಿಷಯ. ಅವತ್ತು ಅವಳು ಶಾಲೇಲಿದ್ಲು. ಅವತ್ತು ಸೋಫಾದಲ್ಲಿ ಕೂತಿದ್ದು ಯಾರು ಅಂತ ಯಾರು ನೋಡಿದ್ರು?"

ಇದು ಸರಿಯಾದ ಪ್ರಶ್ನೆ. ನೋಡಿದವನು ಒಬ್ಬನಿದ್ದರೆ ಅವನನ್ನೇ ಕೇಳಬೇಕು.

"ಸರ್ಕಾರಿ ವಕೀಲರ ಹತ್ರ ನೀವು ಹೋಗ್ಬಹುದು, ಯಾರೂ ತಡೆಯಲ್ಲ" ಎಂದು ಮೆಟ್ಟಿಲವರೆಗೆ ಬಂದು ಹೇಳಿದರು. "ಆದ್ರೆ ಅವರು ಮೊದಲು ಕೇಳೋದು ಹುಡುಗೀನ."

ಡಿಸೆಂಬರ್ 28, ಶನಿವಾರ

ಬೆಳಿಗ್ಗೆ ತಳೋಜಾ. ಅವನು ಹುರುಪಿನಲ್ಲಿದ್ದ. ಹೋಟೆಲು ಬೇಡ, ಡೊಂಬಿವಲಿಯಲ್ಲೇ ಟಿಫಿನ್ ಸೆಂಟರ್ ಹಾಕುತ್ತಾನಂತೆ. ನಿಶ್ಮಿತಾ ಸಂಜೆ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂರಬಹುದಂತೆ. "ಅವಳಿಗೆ ಬಾಯಿ ಜಾಸ್ತಿ ಅಂತ ನೀನೇ ಹೇಳಿದ್ದೆಯಲ್ಲ, ಗಿರಾಕಿಗಳ ಹತ್ರ ಬಾಯಿ ಬೇಕು. ಮನೇಲಿ ಸ್ವಲ್ಪ ಕಮ್ಮಿ ಮಾಡಿಸುವ" ಎಂದು ನಕ್ಕ.

"ಕುಶಲ, ಆ ದಿನ ಬೆಲ್ಲ ಇಟ್ಟದ್ದು ನಿನಗಾ?"

ನಗು ಮುಖದಲ್ಲೇ ನಿಂತಿತು. ಅವನು ಬಲಕ್ಕೆ ನೋಡಿದ, ಆಮೇಲೆ ಮೇಲೆ ಗೋಡೆಯತ್ತ ನೋಡಿದ. ಇಲ್ಲ ಎನ್ನುತ್ತಾನೆ ಎಂದು ಕಾದೆ. ಇಲ್ಲ ಎಂದಿದ್ದರೆ ನಂಬುತ್ತಿದ್ದೆ. ಇದನ್ನು ಸರಿಯಾಗಿ ಬರೆಯಬೇಕು: ನಂಬಲು ಸಿದ್ಧಳಾಗಿಯೇ ಕೂತಿದ್ದೆ.

"ಅಕ್ಕ, ಈ ಫೋನು ರೆಕಾರ್ಡ್ ಆಗ್ತದೆ" ಎಂದ.

ಹೊರಗೆ ಬಂದು ಆಟೋ ಹಿಡಿದೆ. ಸ್ಟೇಷನ್ ಎನ್ನಬೇಕಾದಲ್ಲಿ ಖಾರಘರ ಸೆಕ್ಟರಿನ ನಂಬರು ಹೇಳಿದೆ.

ಉಮಾವತಿಯಮ್ಮ ಒಬ್ಬರೇ ಇದ್ದರು. ಗ್ಯಾಲರಿಯಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನನ್ನನ್ನು ನೋಡಿ ಮಗುವಿಗೆ ಏನಾಯಿತು ಎಂದು ಕೇಳಿದರು. ಏನೂ ಆಗಿಲ್ಲ ಎಂದು, ನಿಂತಲ್ಲೇ ಎಲ್ಲ ಹೇಳಿದೆ. ಕೋರ್ಟಿನಲ್ಲಿ 'ಬೆಲ್ಲ' ಎಂದದ್ದು ಯಾಕೆಂದು ಹೇಳಿದೆ. ಅದನ್ನು ಹುಡುಕಿ ಕೊಟ್ಟದ್ದು ನಾನೆಂದು ಹೇಳಿದೆ. ನಿಶ್ಮಿತಾ ಹೇಳಿದ್ದನ್ನು, ಅಮ್ಮನ ದನಿಯನ್ನು ಅವಳು ಮಾಡಿ ತೋರಿಸಿದ್ದನ್ನು ಹೇಳಿದೆ. ಕೊನೆಗೆ ಫೋನಿನ ಮಾತು.

ಅವರು ಬೈಯಲಿಲ್ಲ. ಹಪ್ಪಳದ ಬಟ್ಟೆಯ ಅಂಚು ಹಿಡಿದು ಕೂತರು.

"ಹಾಗಾದ್ರೆ ಆಗ ಅವ್ಳು ನಗ್ತಾ ಇದ್ಳು" ಎಂದರು. "ತಮಾಷೆ ಮಾಡಿದ್ಳು ಅಂದ್ರೆ ಹೆದರಿರ್ಲಿಲ್ಲ. ಇಷ್ಟು ವರ್ಷ ನಾನು ಅದನ್ನೇ ಯೋಚಿಸ್ತಿದ್ದೆ ಮೋಹಿನಿ, ಎಷ್ಟು ಹೊತ್ತು ಹೆದರಿಕೊಂಡಿದ್ಳೋ ಅಂತ."

ಸರ್ಕಾರಿ ವಕೀಲರ ಬಳಿಗೆ ಹೋಗೋಣ ಎಂದೆ. ನಿಶ್ಮಿತಾ ಹೇಳಬೇಕಾಗುತ್ತದೆ ಎಂದೂ ಹೇಳಿದೆ.

"ಬೇಡ."

"ಅವನು ಬಿಡುಗಡೆಯಾಗುತ್ತಾನೆ."

"ಆಗ್ಲಿ. ಆ ಮಗುವಿನ ಬಾಯಿಂದ ಅಪ್ಪನನ್ನು ಕಟ್ಟಿ ಹಾಕಿಸ್ಬೇಡ. ಆಮೇಲೆ ಅವ್ಳು ಜೀವಮಾನ ಇಡೀ ಬಾಯಿ ಮುಚ್ಚಿಕೊಂಡು ಕೂತಾಳು. ನನಗೆ ಅವ್ಳ ಬಾಯಿ ಬೇಕು." ಬಟ್ಟೆಯ ಅಂಚು ಬಿಟ್ಟು ಕೇಳಿದರು, "ಬಿಟ್ರೆ ಅವ ಎಲ್ಲಿಗೆ ಬರ್ತಾನೆ?"

"ನನ್ನ ಮನೆಗೆ."

"ನಿನ್ನ ಮನೇಲಿ ಕೋಣೆ ಎಷ್ಟುಂಟು?"

ಜನವರಿ 5, 2025, ಭಾನುವಾರ

ಉಮಾವತಿಯಮ್ಮನನ್ನು ರಿತೇಶ್ ಕಾರಿನಲ್ಲಿ ಬಿಟ್ಟು ಹೋದ. ಹೊಸ ಚಾದರ ಹಾಸಿ ಸಣ್ಣ ಕೋಣೆ ಕೊಟ್ಟೆ. ಟೇಬಲ್ ಮತ್ತೆ ಒಳಗೆ ಹೋಯಿತು, ಅಜ್ಜಿ ಮೊಮ್ಮಗಳು ಒಂದೇ ಕೋಣೆಯಲ್ಲಿ. "ಅಜ್ಜಿ ಖರ್ರಾಟೇ ಮಾರ್ತೀ ಹೈ" ಎಂದು ಗೊರಕೆಯ ದೂರು ಬಂದಿದೆ. "ನಾನಲ್ಲ, ಮಾರಾಯ್ತಿ, ನಿಮ್ಮ ಫ್ರಿಜ್ಜು" ಎಂದು ಅಜ್ಜಿ.

ಜನವರಿ 22, ಬುಧವಾರ

ಸಂಶಯದ ಲಾಭ ಕೊಟ್ಟು ಬಿಡುಗಡೆ. ಮನೆಗೆ ಮೂರನೆಯ ವ್ಯಕ್ತಿ ಬಂದಿರಬಹುದಾದ ಸಾಧ್ಯತೆಯನ್ನು ಪೊಲೀಸರು ತಳ್ಳಿಹಾಕಿಲ್ಲ ಎಂದು ಓದಿದರು. ನಾಗರಾಜ್ ನನ್ನತ್ತ ನೋಡಿದರು, ಕೈ ಕುಲುಕಲು ಬರಲಿಲ್ಲ. ಉಮಾವತಿಯಮ್ಮನಿಗೆ ಒಂದೊಂದೇ ವಾಕ್ಯವಾಗಿ ತುಳುವಿನಲ್ಲಿ ಹೇಳಿದೆ. ಏನನ್ನೂ ಬಿಡಲಿಲ್ಲ.

ಜನವರಿ 25, ಶನಿವಾರ

ಅವನು ನೇರ ಮನೆಗೆ ಬರುತ್ತಾನೆಂದು ನಾಗರಾಜ್ ತಿಳಿಸಿದ್ದರು. ಸಂಜೆ ಬೆಲ್ ಆಯಿತು. ನಿಶ್ಮಿತಾ ಒಳಗೆ ಓದುತ್ತಿದ್ದಳು. ನಾನು ಏಳುವಷ್ಟರಲ್ಲಿ ಉಮಾವತಿಯಮ್ಮ, "ನೀನು ಕೂತ್ಕೋ. ನಾನು ತೆಗೀತೇನೆ" ಎಂದರು.

ಮರದ ಬಾಗಿಲು ತೆಗೆದರು. ಹೊರಗಿನ ಸೇಫ್ಟಿ ಡೋರಿನ ಚಿಲಕ ಹಾಗೇ ಇತ್ತು. ಜಾಲರಿಯ ಆಚೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಅವನು ನಿಂತಿದ್ದ. ಬಾಗಿಲು ತೆಗೆದದ್ದು ಯಾರೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಯಾರು ಬೇಕಿತ್ತು?" ಎಂದು ಉಮಾವತಿಯಮ್ಮ ಕೇಳಿದರು.

ಅವನು ಅವರ ಭುಜದ ಮೇಲಿಂದ ಒಳಗೆ ನೋಡಿದ. "ಅಕ್ಕ, ಕೋರ್ಟು ನನ್ನನ್ನು ಬಿಟ್ಟಿದೆ" ಎಂದ.

"ಬಿಟ್ಟದ್ದು ಗೊತ್ತುಂಟು. ಇದು ಕೋರ್ಟಲ್ಲ. ಇಲ್ಲಿ ಯಾರು ಬೇಕು ನಿಂಗೆ? ಹೆಸರು ಹೇಳು."

ಅವನು ಯಾರ ಹೆಸರನ್ನೂ ಹೇಳಲಿಲ್ಲ. ನಾನು ಹೋಗಿ ಅವರ ಪಕ್ಕದಲ್ಲಿ ನಿಂತೆ. ಜೈಲಿನ ಗಾಜಿಗಿಂತ ಜಾಲರಿಯಲ್ಲಿ ಮುಖ ಹೆಚ್ಚು ಹತ್ತಿರ ಕಾಣುತ್ತದೆ. ಕೂದಲು ಹಣ್ಣಾಗಿದೆ. ನಮ್ಮ ಅಪ್ಪನ ಹಾಗೆಯೇ ಕಾಣುತ್ತಾನೆ.

"ಅಂಬರನಾಥದಲ್ಲಿ ಹೋಟೆಲಿನವರ ಹತ್ತಿರ ಮಾತಾಡಿದ್ದೇನೆ. ಮೇಲಿನ ಕೋಣೆ ಕೊಡ್ತಾರೆ" ಎಂದೆ.

"ನೀನೂ ಹೀಗೆ ಹೇಳ್ತೀಯಾ, ಅಕ್ಕ?"

ಇಲ್ಲಿ ಏನೂ ರೆಕಾರ್ಡ್ ಆಗುತ್ತಿರಲಿಲ್ಲ. ಆದರೂ ನಾನು ಕಾದಿದ್ದ 'ಇಲ್ಲ' ಅವನ ಬಾಯಿಂದ ಬರಲಿಲ್ಲ.

ಒಳಗಿನಿಂದ ನಿಶ್ಮಿತಾ ಕೂಗಿದಳು, "ಮಾಮಿ, ಕೌನ್ ಹೈ?"

ನಾನು ಏನು ಹೇಳುತ್ತೇನೆಂದು ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಕೊರಿಯರ್ ಎನ್ನಬಹುದಿತ್ತು.

"ನಿನ್ನ ಪಪ್ಪ" ಎಂದೆ. "ಹೊರಟಿದ್ದಾರೆ."

ಒಳಗಿನಿಂದ ಕುರ್ಚಿ ಸರಿದ ಸದ್ದು ಬರಲಿಲ್ಲ. ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಮೆಟ್ಟಿಲಿಳಿದ. ಉಮಾವತಿಯಮ್ಮ ಕೂಡಲೇ ಬಾಗಿಲು ಮುಚ್ಚಲಿಲ್ಲ. ಅವನು ಇಳಿಯುವ ಸದ್ದು ಪೂರ್ತಿ ಮುಗಿಯುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.